ಗದ್ದಲದಲ್ಲಿ ಮಾತು ಹಿಡಿಯುವ ಕಿವಿ

ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಅವ್ವ ಕರೆದಾಗ ಆರು ವರ್ಷದ ಮಗು ಓಗೊಡದಿದ್ದರೆ, ‘ಕಿವಿ ಕೇಳಂಗಿಲ್ಲೇನು?’ ಎಂಬ ಬೈಗುಳ ಸಿದ್ಧ. ಏಳು ದಶಕಗಳ ಸಂಶೋಧನೆ ಮಗುವಿನ ಪರವಾಗಿದೆ. ಒಳಗಿವಿ ಹುಟ್ಟುವ ಹೊತ್ತಿಗೇ ಹೆಚ್ಚುಕಡಿಮೆ ಸಜ್ಜಾಗಿರುತ್ತದೆ. ಹಲವು ಸದ್ದುಗಳಿಂದ ಬೇಕಾದ ಮಾತನ್ನು ಬೇರ್ಪಡಿಸುವ ಮಿದುಳಿನ ಕಸುವು ಹರೆಯದವರೆಗೂ ಮಾಗುತ್ತಲೇ ಇರುತ್ತದೆ.

ಅಧ್ಯಯನ ಶುರುವಾದದ್ದು ದೊಡ್ಡವರಿಂದ. 1953ರಲ್ಲಿ ಕಾಲಿನ್ ಚೆರ್ರಿ ಎರಡು ಮಾತುಗಳನ್ನು ಒಟ್ಟಿಗೇ ಕೇಳಿಸಿ, ಒಂದನ್ನು ಮಾತ್ರ ಹಿಂಬಾಲಿಸಲು ಹೇಳಿದರು. 1979ರಲ್ಲಿ ಲೋಯಿಸ್ ಎಲಿಯಟ್ 9ರಿಂದ 17 ವರ್ಷದವರಿಗೆ ಗದ್ದಲದಲ್ಲಿ ವಾಕ್ಯ ಕೇಳಿಸಿದಾಗ ಒಂಬತ್ತರ ಮಕ್ಕಳು ಹಿಂದೆ ಬಿದ್ದರು. ರೋಷೆಲ್ ನ್ಯೂಮನ್ 2005ರಲ್ಲಿ ಹಸುಗೂಸುಗಳತ್ತ ಹೋದರು: ಹಿನ್ನೆಲೆಯ ಮಾತಿಗಿಂತ 10 ಡೆಸಿಬೆಲ್ ಜೋರಾಗಿ ಕರೆದಾಗ ಐದು ತಿಂಗಳ ಕೂಸು ತನ್ನ ಹೆಸರನ್ನು ಗುರುತಿಸುತ್ತಿತ್ತು.

ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಲೋರಿ ಲೀಬೋಲ್ಡ್ ಮತ್ತು ಸಂಗಡಿಗರು 2016ರಲ್ಲಿ ಕಂಡ ವ್ಯತ್ಯಾಸ. ಒಂದೇ ಸಮನೆ ಮೊರೆಯುವ ಸದ್ದಿನಲ್ಲಿ ಮಕ್ಕಳು ಹತ್ತರ ಸುಮಾರಿಗೆ ದೊಡ್ಡವರ ಮಟ್ಟ ಮುಟ್ಟುತ್ತಾರೆ. ಇನ್ನಿಬ್ಬರು ಮಾತಾಡುತ್ತಿದ್ದರೆ ಅದಕ್ಕೆ 13–14 ವರ್ಷ ಬೇಕು. ಫ್ಯಾನಿನ ಸದ್ದು ಮಾತನ್ನು ಮುಚ್ಚುತ್ತದೆ, ಅಷ್ಟೆ. ಪಕ್ಕದವರ ಮಾತು ಗಮನವನ್ನೇ ಎಳೆದೊಯ್ಯುತ್ತದೆ.

ಹಾಗಾಗಿ ನಲಿ-ಕಲಿಯನ್ನು ಈ ಕಣ್ಣಿನಿಂದಲೂ ನೋಡಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕಲಿಯುತ್ತಾರೆ. ಕಲಿಕೆಗೆ ಅದು ಒಳ್ಳೆಯದೇ. ಆದರೆ ಪರರ ಮಾತನ್ನು ಬದಿಗೊತ್ತುವ ಶಕ್ತಿ ಅತಿ ಕಡಿಮೆ ಇರುವ ವಯಸ್ಸೂ ಅದೇ.

ಕನ್ನಡದಲ್ಲಿ ಅಳೆಯುವ ಕೆಲಸ ಹೆಚ್ಚಾಗಿ ನಡೆದದ್ದು 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ. 2005ರಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ ಧ್ವನಿಗಳ ಸಮತೋಲವುಳ್ಳ ಪದಪಟ್ಟಿ ಕೊಟ್ಟರು. 2010ರಲ್ಲಿ ಗದ್ದಲದಲ್ಲಿ ಮಾತು ಅಳೆಯುವ ಕಿರುಪರೀಕ್ಷೆಗೆ ಕನ್ನಡ ವಾಕ್ಯಗಳು ಸಿದ್ಧವಾದವು. 2014ರಲ್ಲಿ ಹತ್ತು ಹತ್ತು ವಾಕ್ಯಗಳ 25 ಪಟ್ಟಿಗಳು ಬಂದವು.

ಇವುಗಳನ್ನು ಗದಗ ಜಿಲ್ಲೆಯ ರೋಣಕ್ಕೆ ತರುವಾಗ ಎಚ್ಚರ ಬೇಕು. ಪರಿಚಯವಿಲ್ಲದ ಆಡುಮಾತು ಗದ್ದಲದಲ್ಲಿ ಇನ್ನಷ್ಟು ಕಷ್ಟವಾಗಬಹುದು. ‘ಓದಾಕತ್ತಾನ’ ಎಂದು ಕೇಳಿ ಬೆಳೆದ ಮಗುವನ್ನು ‘ಓದುತ್ತಿದ್ದಾನೆ’ ಎಂಬ ವಾಕ್ಯದಿಂದ ಅಳೆದರೆ, ಕಿವಿಯ ಜೊತೆಗೆ ಭಾಷೆಯ ಒಡನಾಟವೂ ಆ ಅಂಕದಲ್ಲಿ ಸೇರಿಕೊಳ್ಳುತ್ತದೆ. ಈ ಸೀಮೆಯ ದನಿಯಲ್ಲೇ ಧ್ವನಿಮುದ್ರಿಸಿದ ಪಟ್ಟಿಗಳು ಬೇಕು.

ಶಾಲಾ ಕೋಣೆಯ ವಿಚಾರ ಇನ್ನೂ ತುರ್ತಿನದು. ಶಾಲೆಯ ಸುತ್ತಲಿನ ಶಾಂತ ವಲಯಕ್ಕೆ ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿದ ಹಗಲಿನ ಮಿತಿ 50 ಡೆಸಿಬೆಲ್. ಖಾಲಿ ತರಗತಿಗೆ ಅಮೆರಿಕದ ಮಾನದಂಡ 35. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಹಾಯುವ ನರಗುಂದದಂಥ ಊರಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ ಹಿಂಬದಿಯವನ್ನು ತೆರೆಯುವುದು, ಗೋಡೆಗೆ ದಪ್ಪ ಬಟ್ಟೆ ಹಾಕಿ ಮಾರ್ದನಿ ತಗ್ಗಿಸುವುದು, ಕಿವಿ ಸೋರುವ ಮಗುವನ್ನು ವೈದ್ಯರಿಗೆ ತೋರಿಸಿ ವಾಸಿಯಾಗುವವರೆಗೆ ಮುಂದಿನ ಸಾಲಿನಲ್ಲಿ ಕೂರಿಸುವುದು ಈ ವರ್ಷವೇ ಆಗಬಹುದಾದ ಕೆಲಸಗಳು.