ದುಬೈ ಹತ್ತಿರವೋ, ಬಜ್ಪೆ ಹತ್ತಿರವೋ?

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹಿರಿಯರು ದೂರವನ್ನು ಮೈಲಿಗಳಲ್ಲಿ ಹೇಳಿದ್ದು ಕಡಮೆ. ಗಾಡಿಗೆ ಎಷ್ಟು ದಿನ, ಕಾಲ್ನಡಿಗೆಗೆ ಎಷ್ಟು ಹೊತ್ತು ಎಂಬುದೇ ಅವರ ಲೆಕ್ಕ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರುಹಳಿಯ ಟ್ರಾಮ್ ಓಡುತ್ತಿತ್ತೆಂದರೆ ಇಂದಿನ ಮಕ್ಕಳು ನಂಬರು. ಆ ಹಳಿಗಳೂ ಹೋದವು.

1951ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಪ್ರಧಾನಿ ಜವಾಹರಲಾಲ್ ನೆಹರೂ ಅವರ ವಿಮಾನವು ಬಜ್ಪೆಯಲ್ಲಿ ಇಳಿಯುವುದರೊಂದಿಗೆ ಮಂಗಳೂರಿನ ವಿಮಾನ ನಿಲ್ದಾಣವು ಆರಂಭಗೊಂಡಿತು. ಆದರೂ ಅರ್ಧ ಶತಮಾನ ಕಾಲ ಅಲ್ಲಿಂದ ಪರದೇಶಕ್ಕೆ ವಿಮಾನವಿರಲಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೊರಟ ನಮ್ಮವರು ಮುಂಬಯಿಗೆ ಹೋಗಿ ವಿಮಾನವೇರಬೇಕಾಗಿತ್ತು. ತಂದೆಯ ಮರಣವಾರ್ತೆಯ ತಂತಿ ಕೈಸೇರಿ ಮಗ ಊರು ಮುಟ್ಟುವ ವೇಳೆಗೆ ಸಮಾಧಿಯ ಮೇಲೆ ಹೂವು ಬಾಡಿರುತ್ತಿತ್ತು.

2006ರ ಅಕ್ಟೋಬರ್ 3ರಂದು ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. ಆಕಾಶಮಾರ್ಗದಲ್ಲಿ ಸುಮಾರು 2,450 ಕಿಲೋಮೀಟರು. ಯಾನಕ್ಕೆ ಮೂರೂವರೆ ಗಂಟೆಯ ಆಸುಪಾಸು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ, ಹೋಗುವಾಗ ಎರಡೇ ಗಂಟೆ ಕಳೆದಂತೆಯೂ ಬರುವಾಗ ಐದು ಗಂಟೆ ಹಿಡಿದಂತೆಯೂ ತೋರುತ್ತದೆ. ಇದನ್ನು ತಿಳಿಯದ ತಾಯಂದಿರು ವಿಮಾನ ತಡವಾಯಿತೆಂದು ಜಪಸರ ಹಿಡಿದು ಕೂರುವುದನ್ನು ಕಂಡಿದ್ದೇನೆ!

ಕೊಪ್ಪದಿಂದ ಬಜ್ಪೆಗೆ ಹಕ್ಕಿ ಹಾರಿದರೆ ಸುಮಾರು 80 ಕಿಲೋಮೀಟರು ಮಾತ್ರ. ಆದರೆ ರಸ್ತೆಯು ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಸುತ್ತಿ ಇಳಿಯಬೇಕು. ಇಲ್ಲವೇ ಶೃಂಗೇರಿ, ಕೆರೆಕಟ್ಟೆಗಳ ಕಾಡನ್ನು ಹಾದು ಕಾರ್ಕಳ ಸೇರಬೇಕು. ಹವೆ ಚೆನ್ನಾಗಿದ್ದರೂ ಮೂರು ಗಂಟೆಗೆ ಕಡಮೆಯಿಲ್ಲ. ಅಂದರೆ ಅರಬ್ಬೀ ಸಮುದ್ರವನ್ನು ದಾಟಲು ಬೇಕಾಗುವಷ್ಟು ಹೊತ್ತು ಈ ಘಟ್ಟಕ್ಕೂ ಬೇಕು.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಮಗ ದುಬೈಯಿಂದ ಹೊರಟು ಮುಂಜಾನೆಯೇ ಬಜ್ಪೆಯಲ್ಲಿ ಇಳಿದನು. ಹತ್ತು ಗಂಟೆಗೆ ಅಂತ್ಯಕ್ರಿಯೆಯ ಬಲಿಪೂಜೆಯೆಂದು ಗೊತ್ತುಮಾಡಿದ್ದೆವು. ಆಗುಂಬೆ ಘಟ್ಟದಲ್ಲಿ ಮರ ಬಿದ್ದು ದಾರಿ ಕಟ್ಟಿತ್ತು. ಆತ ಕಾರ್ಕಳಕ್ಕೆ ಮರಳಿ ಶೃಂಗೇರಿಯ ಮಾರ್ಗವಾಗಿ ಬರಬೇಕಾಯಿತು. ಪೆಟ್ಟಿಗೆಯ ಮುಚ್ಚಳ ಹಾಕದೆ ಕಾದೆವು. ನೆರೆಮನೆಯ ಹಿಂದೂ ಬಾಂಧವರೂ ಊಟ ಬಿಟ್ಟು ಕಾದರು. ಆತ ತಲುಪಿದಾಗ ನಾಲ್ಕು ಗಂಟೆ. ಒದ್ದೆ ಬಟ್ಟೆಯಲ್ಲೇ ಬಂದು ತಂದೆಯ ಪಾದ ಮುಟ್ಟಿದನು. ಆನಂತರವೇ ನಾನು ಪೂಜೆಯನ್ನು ಆರಂಭಿಸಿದ್ದು.

2023ರ ಫೆಬ್ರವರಿ 27ರಂದು ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ಹೊಸ ವಿಮಾನ ನಿಲ್ದಾಣ ಉದ್ಘಾಟನೆಗೊಂಡು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿಗೆ ಹೋಗಲು ಘಟ್ಟ ಇಳಿಯಬೇಕಾಗಿಲ್ಲ. ನರಸಿಂಹರಾಜಪುರದವರು ಈಗ ಮೊದಲು ಸೋಗಾನೆಯ ವೇಳಾಪಟ್ಟಿಯನ್ನು ವಿಚಾರಿಸುತ್ತಾರೆ. ದುಬೈಯ ಮಗನಿಗಾಗಿ ಕಾಯುವ ಕೊಪ್ಪದ ಮನೆಯಲ್ಲಿ ಮಾತ್ರ ಮೊದಲ ಪ್ರಶ್ನೆ, ಘಟ್ಟದಲ್ಲಿ ಮಳೆ ಹೇಗಿದೆ ಎಂಬುದೇ.