ಬಣ್ಣ ತುಂಬಿದ ಗಡಿ: ಸೊಲ್ಲಾಪುರ–ಅಕ್ಕಲಕೋಟೆಯ ಭಾಷಾ ನಕಾಶೆ ಮತ್ತು ಕ್ಯೂಜಿಐಎಸ್

ಸಾಹಿತ್ಯದ ವಿದ್ಯಾರ್ಥಿಗೆ ನಕಾಶೆ ಯಾಕ ಬೇಕು ಅಂತ ಕೇಳಬಹುದು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ. ಅದೂ ಒಂದು ನಕಾಶೆಯೇ, ಪದ್ಯದಲ್ಲಿ ಬರೆದದ್ದು. ಸಿದ್ಧರಾಮನ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಆ ಎರಡು ನದಿಗಳ ನಡುವೆಯೇ ಬರುತ್ತದೆ.

ಆಡಳಿತದ ಗೆರೆ ಬಂದದ್ದು ಈಚೆಗೆ. ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ವಿಜಾಪುರ ಮೈಸೂರಿಗೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ ಮುಂಬಯಿಯಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. 1966ರಲ್ಲಿ ನೇಮಕವಾದ ಮಹಾಜನ ಆಯೋಗ, 1967ರ ವರದಿಯಲ್ಲಿ ಅಕ್ಕಲಕೋಟೆಯೂ ಸೇರಿ 247 ಹಳ್ಳಿ ಮೈಸೂರಿಗೆ, 264 ಹಳ್ಳಿ ಮಹಾರಾಷ್ಟ್ರಕ್ಕೆ ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಒಪ್ಪಲಿಲ್ಲ. ಗೆರೆ ಇದ್ದಲ್ಲೇ ಉಳೀತು.

ಈ ಚರಿತ್ರೆಯನ್ನು ಇವತ್ತು ನಾವೇ ಬಿಡಿಸಬಹುದು. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್ ಮುಕ್ತ ತಂತ್ರಾಂಶ, ರೊಕ್ಕ ಕೊಡಬೇಕಿಲ್ಲ. ತಾಲೂಕುಗಳ ಗಡಿಗೆ ಜನಗಣತಿಯ ಮಾತೃಭಾಷೆಯ ಕೋಷ್ಟಕ ಜೋಡಿಸಿ, ಬಹುಸಂಖ್ಯೆಯ ಭಾಷೆಗೆ ಒಂದು ಬಣ್ಣ ಕೊಟ್ಟರೆ ಐದು ನಿಮಿಷದಲ್ಲಿ ಚೆಂದದ ನಕಾಶೆ ತಯಾರು. ತೊಂದರೆ ಇರೋದು ಆ ಚೆಂದದಲ್ಲೇ. ಅರ್ಧಕ್ಕಿಂತ ತುಸು ಹೆಚ್ಚಿದ್ದರೂ ಇಡೀ ತಾಲೂಕು ಒಂದೇ ಬಣ್ಣ, ಉಳಿದವರು ಕಾಣೆ. ಸೊಲ್ಲಾಪುರ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ನಮ್ಮ ನವಿ ಪೇಠಕ್ಕೆ ಯಾವ ಬಣ್ಣ ಹಚ್ಚೋಣ ಹೇಳ್ರಿ?

ಇಂತಿಷ್ಟು ಜನಕ್ಕೆ ಒಂದು ಚುಕ್ಕೆ ಎಂದು ಹಾಕಿದರೆ ಎಲ್ಲ ಭಾಷೆಗಳೂ ಕಾಣುತ್ತವೆ. ಆದರೆ ತಂತ್ರಾಂಶ ಆ ಚುಕ್ಕೆಗಳನ್ನು ಗಡಿಯೊಳಗೆ ಎಲ್ಲೆಂದರಲ್ಲಿ ಚೆಲ್ಲುತ್ತದೆ. ದುಧನಿಯ ಮೇಲೆ ಬಿದ್ದ ಕನ್ನಡದ ಚುಕ್ಕೆ ದುಧನಿಯವರದ್ದೇ ಆಗಬೇಕಿಲ್ಲ. ನೋಡುವವರು ಅದನ್ನ ಊರಿನ ಸಾಕ್ಷಿ ಅಂತ ಓದಿಕೊಂಡರೆ ಹಳೆಯ ಜಗಳಕ್ಕೆ ಹೊಸ ಕಾಗದ ಸಿಕ್ಕಂಗ ಆಗ್ತದ. ಆದ್ದರಿಂದ ಲೆಕ್ಕ ಯಾವ ವರ್ಷದ್ದು, ಹಳ್ಳಿಯದೋ ತಾಲೂಕಿನದೋ, ಒಂದು ಚುಕ್ಕೆ ಎಷ್ಟು ಜನ ಎಂಬುದನ್ನು ನಕಾಶೆಯ ಮೂಲೆಯಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಬರೆಯಲೇಬೇಕು.

ಊರ ಹೆಸರುಗಳದ್ದೂ ಇದೇ ಮಾತು. ಕೋಷ್ಟಕದಲ್ಲಿ ಎರಡು ಕಾಲಂ ಇಟ್ಟರೆ ಮೈಂದರ್ಗಿ, ನಾಗಣಸೂರ, ತಡವಳಗಳ ಕನ್ನಡ, ಮರಾಠಿ ರೂಪಗಳೆರಡನ್ನೂ ಒಂದರ ಕೆಳಗೊಂದು ಮೂಡಿಸಬಹುದು. ನಾನು ರಾಜ್ಯದ ಗಡಿಗೆ ತೆಳು ಬೂದು ಗೆರೆ, ಭೀಮೆಗೆ ದಪ್ಪ ನೀಲಿ ಕೊಟ್ಟಿದ್ದೇನೆ. ಇದೂ ಒಂದು ನಿಲುವೇ, ವಾದಕ್ಕೆ ತಯಾರಿದ್ದೇನೆ. ಪ್ರಶ್ನೆಗಳಿದ್ದರೆ ಕೇಳ್ರಿ.