ಕರಗುವ ದೇಹ, ಅಲೆಯುವ ನರ

ಕ್ಷಯವೆಂದರೆ ಇಂದು ನಮಗೆ ಒಂದೇ ರೋಗ. ಆದರೆ ಆ ಶಬ್ದದ ಮೂಲಾರ್ಥ ಸವೆಯುವುದು, ಕರಗುವುದು ಎಂದಷ್ಟೆ. ಗ್ರೀಕರು ಇಂಥ ಸವೆತವನ್ನು ‘ಕೆಟ್ಟ ಸ್ಥಿತಿ’ ಎಂದು ಕರೆದರು; ಅದರಿಂದ ಬಂದ ಕ್ಯಾಕೆಕ್ಸಿಯ ಎಂಬ ಹೆಸರನ್ನೇ ಕ್ಯಾನ್ಸರ್ ರೋಗಿಗಳು ಕೃಶರಾಗುತ್ತ ಹೋಗುವುದಕ್ಕೆ ವೈದ್ಯರು ಇಂದಿಗೂ ಬಳಸುತ್ತಾರೆ.

ನನ್ನ ಅಕ್ಕ ಹೀಗೆಯೇ ಕರಗಿದಳು. ಗಂಜಿ, ಹಾಲು, ಹಣ್ಣಿನ ರಸ, ಏನು ಕೊಟ್ಟರೂ ತೂಕ ಇಳಿಯುತ್ತಲೇ ಇತ್ತು. ‘ಇನ್ನೊಂದು ತುತ್ತು ಉಣ್ಣಬಾರದೆ?’ ಎಂದು ನಾವು ಗದರಿದೆವು. ಅವಳು ತಪ್ಪಿತಸ್ಥಳಂತೆ ತಲೆತಗ್ಗಿಸಿದಳು. ತಪ್ಪು ಅವಳದಲ್ಲವೆಂದು ನಾನು ಅರಿತದ್ದು ಬಹಳ ತಡವಾಗಿ.

1985ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಬ್ರೂಸ್ ಬ್ಯೂಟ್ಲರ್, ಆಂಥೊನಿ ಸೆರಾಮಿ ಮೊದಲಾದವರು ಒಂದು ವಿಚಿತ್ರವನ್ನು ಪ್ರಕಟಪಡಿಸಿದರು. ದೇಹವನ್ನು ಸವೆಸುವುದೆಂದು ಅವರು ಗುರುತಿಸಿದ್ದ ದ್ರವ್ಯವೂ, ಗೆಡ್ಡೆಯನ್ನು ನಾಶಮಾಡುವುದೆಂದು ಇತರರು ಹೆಸರಿಟ್ಟಿದ್ದ ದ್ರವ್ಯವೂ ಒಂದೇ! ಸವೆತವು ಕೇವಲ ಹಸಿವಿನ ಫಲವಲ್ಲ, ಉರಿಯೂತದ ಫಲವೂ ಹೌದೆಂಬ ಭಾವನೆ ಇದರಿಂದ ಬಲಗೊಂಡಿತು. ಆದರೆ ಆ ಒಂದು ದ್ರವ್ಯವನ್ನಷ್ಟೆ ತಡೆದು ನೋಡಿದಾಗ ರೋಗಿಗಳಿಗೆ ನಿರೀಕ್ಷಿಸಿದ ಪ್ರಯೋಜನವಾಗಲಿಲ್ಲ. ಆಹಾರವೊಂದರಿಂದಲೇ ಪೂರ್ತಿ ನೀಗದ ಮಾಂಸಖಂಡದ ನಷ್ಟವೇ ಇದರ ಲಕ್ಷಣವೆಂದು ತಜ್ಞರು 2011ರಲ್ಲಿ ಒಮ್ಮತಕ್ಕೆ ಬಂದರು.

ಈಗ ಈ ಕಥೆಯೊಳಗೆ ಒಂದು ನರ ಪ್ರವೇಶಿಸುತ್ತದೆ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆ, ಹೃದಯ, ಜಠರ, ಯಕೃತ್ತುಗಳವರೆಗೆ ಸಂಚರಿಸುವ ಇದಕ್ಕೆ ವೇಗಸ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಅಲೆಯುವುದು. ನಮ್ಮ ಮಾತಿನಲ್ಲಿ ಜಂಗಮ. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಟ್ ಕರುಳಿನ ಹುಣ್ಣಿಗಾಗಿ ಇದನ್ನು ಕತ್ತರಿಸಿದರು. ಕತ್ತರಿಸಿದ್ದು ಮತ್ತೆ ಕೂಡಲಾರದು, ತಡೆಹಿಡಿದದ್ದನ್ನಾದರೆ ಬಿಡಬಹುದು. 2015ರಲ್ಲಿ ಅಮೆರಿಕ ಸರಕಾರ ಅನುಮೋದಿಸಿದ ಒಂದು ಸಾಧನ, ಜಠರದ ಬಳಿ ಈ ನರದ ಸಂದೇಶವನ್ನು ವಿದ್ಯುತ್ತಿನಿಂದ ತಡೆಯುತ್ತಿತ್ತು. ಅದರ ಉದ್ದೇಶ ಸ್ಥೂಲಕಾಯರ ತೂಕ ಇಳಿಸುವುದು!

ತೂಕ ಇಳಿಸಲು ತಡೆದ ನರವನ್ನೇ ತೂಕ ಉಳಿಸಲೂ ತಡೆಯಬಹುದೆ? ಇದಕ್ಕೆ ಉತ್ತರದ ಸುಳಿವು 2025ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದಿತು. ಕ್ಯಾನ್ಸರಿನ ಉರಿಯೂತವು ಮೆದುಳಿಗೂ ಯಕೃತ್ತಿಗೂ ನಡುವೆ ಈ ನರ ನಡೆಸುವ ವ್ಯವಹಾರವನ್ನು ಕೆಡಿಸುತ್ತದೆ, ಯಕೃತ್ತನ್ನು ಹದದಲ್ಲಿಡುವ ಒಂದು ಪ್ರೋಟೀನು ಕುಗ್ಗುತ್ತದೆ, ದೇಹ ಸವೆಯುತ್ತದೆ. ಕುತ್ತಿಗೆಯ ಬಲಬದಿಯ ನರವನ್ನು ಶಸ್ತ್ರದಿಂದ, ಔಷಧದಿಂದ, ವಿದ್ಯುತ್ತಿನಿಂದ, ಕೊನೆಗೆ ಮೈ ಕುಯ್ಯದೆ ಬಳಸುವ ಸಾಧನದಿಂದ ತಡೆದಾಗಲೂ ಸವೆತ ತಗ್ಗಿತು. ಕ್ಯಾನ್ಸರ್ ಔಷಧದೊಡನೆ ಕೂಡಿದಾಗ ಆಯುಷ್ಯವೂ ಹೆಚ್ಚಿತು.

ಇದೆಲ್ಲ ನಡೆದದ್ದು ಇಲಿಗಳಲ್ಲಿ ಎಂಬುದನ್ನು ಮರೆಯಲಾಗದು. ಇಲಿಗೆ ಒದಗಿದ್ದು ಮನುಷ್ಯನಿಗೂ ಒದಗೀತೆಂದು ಹೇಳುವ ಅಧಿಕಾರ ಕನ್ನಡ ಪಾಠ ಹೇಳಿದ ನನಗಿಲ್ಲ. ಆದರೆ ಈ ಚರಿತ್ರೆಯಿಂದ ಮನೆಮಂದಿ ಕಲಿಯಬೇಕಾದುದು ಸಾಧನ ಬರುವವರೆಗೆ ಕಾಯಬೇಕಿಲ್ಲ. ರೋಗಿಯ ಮುಂದೆ ಪ್ರೀತಿಯಿಂದ ತಟ್ಟೆ ಇಡೋಣ; ತುತ್ತು ಉಳಿದರೆ ಗದರದಿರೋಣ.